ಪ್ರಶ್ನೋತ್ತರ: ಬಾಲದಲ್ಲಿ ಗಾಲಿ ಇರುವ ಹಳೆಯ ವಿಮಾನಗಳ ಸುರಕ್ಷತೆ

ಪ್ರಶ್ನೆ: ಹಿಂದೆ ಫ್ಲೈಯಿಂಗ್ ಕ್ಲಬ್‌ಗಳಲ್ಲಿದ್ದ ಪುಷ್ಪಕ್ ವಿಮಾನ ಇಳಿದಾದ ಮೇಲೂ ಇದ್ದಕ್ಕಿದ್ದಂತೆ ಗಿರ್ರನೆ ತಿರುಗಿಬಿಡುತ್ತಿತ್ತು ಎನ್ನುತ್ತಾರೆ. ನೆಲ ಮುಟ್ಟಿದ ಮೇಲೆ ಇನ್ನೇನು ಅಪಾಯ? (ಯಲಹಂಕದ ಓದುಗರು)

ಉತ್ತರ: ಈ ಜಾತಿಯ ವಿಮಾನಗಳು ಪೆಟ್ಟು ತಿನ್ನುವುದು ಹೆಚ್ಚಾಗಿ ಅಲ್ಲೇ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಪುಷ್ಪಕ್ 1958ರಲ್ಲಿ ಮೊದಲು ಹಾರಿತು. 90 ಎಚ್‌ಪಿ ಕಾಂಟಿನೆಂಟಲ್ ಎಂಜಿನ್, ಬಟ್ಟೆ ಹೊದಿಸಿದ ಮೈ, ಮುಂದೆ ಎರಡು ಗಾಲಿ, ಬಾಲದಡಿ ಪುಟ್ಟದೊಂದು. ಅಮೆರಿಕದ ಪೈಪರ್ ಕಬ್, ಏರೋಂಕಾ ಚಾಂಪ್, ಸೆಸ್ನಾ 140 ವಿಮಾನಗಳ ಗಾಲಿಗಳೂ ಹೀಗೇ. ಇವುಗಳಲ್ಲಿ ವಿಮಾನದ ಭಾರದ ಕೇಂದ್ರ ಮುಂದಿನ ಎರಡು ಗಾಲಿಗಳಿಗಿಂತ ಹಿಂದಿರುತ್ತದೆ. ಮೂತಿ ಸ್ವಲ್ಪ ಎಡಕ್ಕೆ ಹೊರಳಿತು ಎನ್ನಿ. ಹಿಂದಿನ ಭಾರ ಮಾತ್ರ ಹಳೆಯ ದಿಕ್ಕಿನಲ್ಲೇ ನುಗ್ಗುತ್ತಾ ಬಾಲವನ್ನು ಇನ್ನಷ್ಟು ಹೊರಕ್ಕೆ ತಳ್ಳುತ್ತದೆ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ರಿವರ್ಸ್ ತೆಗೆದವರಿಗೆ ಇದು ಗೊತ್ತು: ಓರೆ ಸಣ್ಣದಿರುವಾಗಲೇ ಸರಿಪಡಿಸಬೇಕು, ಒಂದು ಹಂತ ದಾಟಿದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕೇಳುವುದಿಲ್ಲ. ವಿಮಾನದಲ್ಲಿ ಆ ಹಂತ ದಾಟಿದಾಗ ಆಗುವುದೇ ಗ್ರೌಂಡ್ ಲೂಪ್. ಹೊರಬದಿಯ ರೆಕ್ಕೆ ನೆಲಕ್ಕೆ ಉಜ್ಜುತ್ತದೆ, ಅಡ್ಡ ಒತ್ತಡಕ್ಕೆ ಗಾಲಿಯ ಕಾಲು ಮಡಚಿಕೊಳ್ಳುತ್ತದೆ. ಜೀವಹಾನಿ ಅಪರೂಪ, ರೆಕ್ಕೆಯ ಸ್ಪಾರ್‌ಗೆ (ಉದ್ದಕ್ಕೂ ಭಾರ ಹೊರುವ ತೊಲೆಗೆ) ಪೆಟ್ಟು ಬೀಳುವುದು ಅಪರೂಪವಲ್ಲ.

ಇದರ ಬೀಜ ಬೀಳುವುದು ನೆಲ ಮುಟ್ಟುವ ಕ್ಷಣದಲ್ಲಿ. ಅಡ್ಡಗಾಳಿಗೆ ಪಕ್ಕಕ್ಕೆ ಜಾರುತ್ತಲೋ, ಮೂತಿ ರನ್‌ವೇಗೆ ಓರೆಯಾಗಿಯೋ ಗಾಲಿ ತಾಗಿದರೆ ತಿರುಗುವ ಬಲ ಆಗಲೇ ಹುಟ್ಟಿತು. ಗಾಳಿ ಬರುವ ಕಡೆಯ ರೆಕ್ಕೆ ತುಸು ತಗ್ಗಿಸಿ, ಎದುರು ಬದಿಗೆ ರಡ್ಡರ್ (ಕಾಲಿನಿಂದ ಆಡಿಸುವ ಬಾಲದ ಚುಕ್ಕಾಣಿ) ಕೊಟ್ಟು ಮೂತಿ ನೇರ ಇಟ್ಟುಕೊಂಡು, ಗಾಳಿಯ ಕಡೆಯ ಗಾಲಿಯನ್ನೇ ಮೊದಲು ತಾಗಿಸಬೇಕು. ಬಾಲದ ಗಾಲಿ ಕೂತ ಮೇಲೆ ಸ್ಟಿಕ್ (ಕೈಯಲ್ಲಿ ಹಿಡಿಯುವ ನಿಯಂತ್ರಣದ ಕೋಲು) ಹೊಟ್ಟೆಗೆ ತಾಗುವಷ್ಟು ಹಿಂದೆ. ವೇಗ ಇಳಿದಂತೆ ಗಾಳಿಯ ಕಡೆಗೆ ಏಲರಾನ್ (ಸ್ಟಿಕ್ ಪಕ್ಕಕ್ಕೆ ವಾಲಿಸಿದರೆ ಆಡುವ ರೆಕ್ಕೆಯಂಚಿನ ಪಟ್ಟಿ) ಹೆಚ್ಚಿಸುತ್ತಾ ಪೂರ್ತಿ ಕೊಡಬೇಕು. ಎರಡೂ ಕಾಲು ಸಣ್ಣ ಸಣ್ಣದಾಗಿ ಆಡುತ್ತಲೇ ಇರಬೇಕು. ಉದ್ದಕ್ಕೆ ಒತ್ತಿ ಹಿಡಿದ ರಡ್ಡರ್ ವಿಮಾನವನ್ನು ಆಚೆ ಬದಿಗೆ ತಿರುಗಿಸುತ್ತದೆ. ಗಾಬರಿಯಲ್ಲಿ ಎರಡೂ ಬ್ರೇಕ್ ಒಟ್ಟಿಗೆ ಅದುಮಿದರೆ ಮೂತಿ ನೆಲ ಕುಟ್ಟುತ್ತದೆ, ಪ್ರೊಪೆಲರ್ ಹೋಗುತ್ತದೆ. ಇಳಿಯುವಾಗ ಪುಟಿದರೆ ಸ್ಟಿಕ್ ಮುಂದೆ ತಳ್ಳಬೇಡಿ. ಥ್ರಾಟಲ್ ಕೊಟ್ಟು ಮತ್ತೆ ಮೇಲೇರಿ ಹೊಸದಾಗಿ ಇಳಿಸಿ.

ಟ್ಯಾಕ್ಸಿ ಮಾಡುವಾಗಲೂ, ಅಂದರೆ ನೆಲದ ಮೇಲೆ ವಿಮಾನ ಓಡಿಸುವಾಗಲೂ, ಹಾರಾಟ ಮುಗಿದಿಲ್ಲ. ಎದುರು ಬದಿಯ ಗಾಳಿಗೆ ಸ್ಟಿಕ್ ಹಿಂದೆ ಮತ್ತು ಗಾಳಿಯತ್ತ. ಹಿಂಬದಿಯ ಗಾಳಿಗೆ ಸ್ಟಿಕ್ ಮುಂದೆ ಮತ್ತು ಗಾಳಿಗೆ ವಿರುದ್ಧ. ವಿಮಾನ ನಿಲ್ಲಿಸಿ ಹಗ್ಗ ಕಟ್ಟುವವರೆಗೂ ಇದು ತಪ್ಪುವಂತಿಲ್ಲ.

ಪ್ರಶ್ನೆ: ಬೇಸಿಗೆಯ ಮಧ್ಯಾಹ್ನ ಬೆಂಗಳೂರಿನಂಥ ಊರಲ್ಲಿ ಇಂಥ ವಿಮಾನಕ್ಕೆ ವಿಶೇಷ ತೊಂದರೆ ಇದೆಯೆ? (ತುಮಕೂರಿನ ಓದುಗರು)

ಉತ್ತರ: ಇದೆ. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ. 34 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ 6,000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ಕಬ್‌ನಂಥ ವಿಮಾನದ 65 ಎಚ್‌ಪಿ ಎಂಜಿನ್ ಆಗ ಕೊಡುವುದು 53ರ ಆಸುಪಾಸು. ಏರುವಾಗಿನ ಈ ಕೊರತೆ ಎಲ್ಲರ ಲೆಕ್ಕದಲ್ಲೂ ಇರುತ್ತದೆ, ಇಳಿಯುವಾಗಿನದು ಇರುವುದಿಲ್ಲ. ಮೀಟರ್ ಅದೇ ವೇಗ ತೋರಿಸಿದರೂ ನೆಲದ ಮೇಲಿನ ವೇಗ ಸಮುದ್ರಮಟ್ಟಕ್ಕಿಂತ ಶೇ 9ರಷ್ಟು ಹೆಚ್ಚು, ಚಲನಶಕ್ತಿ ಶೇ 20ರಷ್ಟು ಹೆಚ್ಚು. ಗ್ರೌಂಡ್ ಲೂಪ್ ಆದರೆ ಗಾಲಿಯ ಕಾಲು ತಡೆಯಬೇಕಾದದ್ದು ಆ ಶಕ್ತಿಯನ್ನೇ. ಬೆಳಗಿನ ತಂಪಿನಲ್ಲಿ ಹಾರಿ.

ಪ್ರಶ್ನೆ: ನಾನಿಲ್ಲಿ ಪೈಪರ್ ಜೆ-3 ಕಬ್‌ನಲ್ಲಿ ಹಾರಾಟ ಕಲಿಯುತ್ತಿದ್ದೇನೆ. ಸ್ಟಾರ್ಟರ್ ಇಲ್ಲ, ಪ್ರೊಪೆಲರನ್ನು ಕೈಯಲ್ಲೇ ತಿರುಗಿಸಬೇಕು. ಸರಿಯಾದ ಕ್ರಮ ತಿಳಿಸಿ. (ಕ್ಯಾಲಿಫೋರ್ನಿಯಾದ ಓದುಗರು)

ಉತ್ತರ: ಬಲ್ಲವರು ಪಕ್ಕದಲ್ಲಿ ನಿಂತು ಕಲಿಸದ ಹೊರತು ಪ್ರೊಪೆಲರ್‌ಗೆ ಕೈ ಹಚ್ಚಲೇಬೇಡಿ. ಮೊದಲ ಮಾತು, ಸ್ವಿಚ್ ಆಫ್ ಇದ್ದರೂ ಎಂಜಿನ್ ಹೊತ್ತಿಕೊಳ್ಳಬಹುದು. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊಗೆ ಬ್ಯಾಟರಿ ಬೇಡ. ಅದನ್ನು ಸುಮ್ಮನಿಡುವುದು ಸ್ವಿಚ್‌ವರೆಗೆ ಹೋಗುವ ಒಂದೇ ಒಂದು ತಂತಿ; ಅದು ತುಂಡಾಗಿದ್ದರೆ ಸ್ವಿಚ್ ಆಫ್ ಮಾಡಿದ್ದಕ್ಕೆ ಅರ್ಥವಿಲ್ಲ. ಹಾರಾಟ ಮುಗಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಸ್ವಿಚ್ಚನ್ನು ಅರೆಕ್ಷಣ ಆಫ್ ಮಾಡಿ ನೋಡಿ. ಎಂಜಿನ್ ಸಾಯುವ ಹಾಗಾದರೆ ತಂತಿ ಸರಿಯಿದೆ.

ಇಬ್ಬರು ಬೇಕು. ಒಳಗೆ ಕೂರುವವರು ವಿಮಾನ ಬಲ್ಲವರೇ ಆಗಿರಬೇಕು. ಬಾಲಕ್ಕೆ ಹಗ್ಗ, ಎರಡೂ ಗಾಲಿಗೆ ಅಡೆ, ಬ್ರೇಕ್ ಒತ್ತಿ ಹಿಡಿದಿರಬೇಕು. ನಿಲ್ಲುವ ಜಾಗದಲ್ಲಿ ಒದ್ದೆ ಹುಲ್ಲು, ಜಲ್ಲಿ, ಕೆಸರು ಇರಬಾರದು. ಕುತ್ತಿಗೆಯ ಐಡಿ ಕಾರ್ಡು, ದುಪಟ್ಟಾ ತೆಗೆದಿಡಿ. ‘ಸ್ವಿಚ್ ಆಫ್, ಥ್ರಾಟಲ್ ಕ್ಲೋಸ್’ ಎಂದು ಹೊರಗಿನವರು ಕೂಗಿ, ಒಳಗಿನವರು ಅದನ್ನೇ ಮರುನುಡಿದ ಮೇಲೆ ನಾಲ್ಕಾರು ಸಲ ನಿಧಾನಕ್ಕೆ ತಿರುಗಿಸಿ ಪೆಟ್ರೋಲ್ ಎಳೆಸಬೇಕು. ಬಳಿಕ ಬ್ಲೇಡು ಅಡ್ಡಗೆರೆಗಿಂತ ತುಸು ಮೇಲಿರುವಂತೆ ನಿಲ್ಲಿಸಿ. ತೀರಾ ಮೇಲಿದ್ದರೆ ನೀವೇ ಅದರತ್ತ ಬಾಗುತ್ತೀರಿ. ಬೆರಳುಗಳನ್ನು ಅಂಚಿಗೆ ಸುತ್ತಿ ಹಿಡಿಯಬೇಡಿ; ಎಂಜಿನ್ ಹಿಂದಕ್ಕೆ ಒದ್ದರೆ ಬ್ಲೇಡು ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಅಂಗೈ ಚಪ್ಪಟೆಯಾಗಿರಲಿ. ‘ಕಾಂಟ್ಯಾಕ್ಟ್’ (ಸ್ವಿಚ್ ಆನ್) ಎಂದ ಮೇಲೆ ಒಮ್ಮೆಲೇ ಕೆಳಕ್ಕೆ ಎಳೆದು, ಆ ಬೀಸಿನಲ್ಲೇ ದೇಹ ಹಿಂದಕ್ಕೆ ಸರಿಯಬೇಕು.

ಬಹಳ ವಿಮಾನಗಳು ಪೈಲಟ್ ಇಲ್ಲದೆ ಓಡಿಹೋಗಿರುವುದು ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿಯಾದ ದಿನ. ಅದನ್ನು ಹೊರಹಾಕಲು ಸ್ವಿಚ್ ಆಫ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಪ್ರೊಪೆಲರನ್ನು ಹಿಮ್ಮುಖ ತಿರುಗಿಸುತ್ತಾರೆ. ಆಮೇಲೆ ಥ್ರಾಟಲ್ ಮುಚ್ಚುವುದನ್ನು ಮರೆಯುತ್ತಾರೆ. ಮುಂದಿನ ಎಳೆತಕ್ಕೆ ಎಂಜಿನ್ ಪೂರ್ಣ ಶಕ್ತಿಯಲ್ಲೇ ಎದ್ದುಬಿಡುತ್ತದೆ. ಹಿಮ್ಮುಖ ತಿರುಗಿಸಿದ ಪ್ರತಿ ಸಲವೂ ಥ್ರಾಟಲನ್ನು ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ಖಚಿತಮಾಡಿಕೊಳ್ಳಿ.

ಪ್ರಶ್ನೆ: ಹಿತವಾದ ಮೋಡದ ವಾತಾವರಣ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಆದರೂ ಇಳಿಯುವಾಗ ಎಂಜಿನ್ ನಿಂತುಹೋಯಿತು ಎಂಬ ವರದಿಗಳನ್ನು ಓದಿದ್ದೇನೆ. ಕಾರಣ? (ಮಡಿಕೇರಿಯ ಓದುಗರು)

ಉತ್ತರ: ಮುಖ್ಯ ಶಂಕೆ ಕಾರ್ಬುರೇಟರಿನೊಳಗಿನ ಮಂಜುಗಡ್ಡೆಯ ಮೇಲೆ. ಪೆಟ್ರೋಲ್ ಆವಿಯಾಗುವಾಗ ಒಳಗಿನ ಉಷ್ಣತೆ 20 ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ಹೊರಗೆ 20 ಡಿಗ್ರಿ, ಗಾಳಿಯಲ್ಲಿ ಶೇ 80ರ ತೇವ, ಥ್ರಾಟಲ್ ಕಡಿಮೆ: ಇದು ಗಡ್ಡೆ ಕಟ್ಟಲು ಹೇಳಿಮಾಡಿಸಿದ ಸ್ಥಿತಿ. ನಿಮ್ಮೂರಿನ ಮಳೆಗಾಲದ ಹವೆಯೂ ಹೀಗೇ. ಸಣ್ಣ ಕಾಂಟಿನೆಂಟಲ್ ಎಂಜಿನ್‌ಗಳು ಇದಕ್ಕೆ ಬೇಗ ಸಿಕ್ಕಿಬೀಳುತ್ತವೆ. ಮೊದಲ ಲಕ್ಷಣ, ಥ್ರಾಟಲ್ ಮುಟ್ಟದೆಯೇ ಆರ್‌ಪಿಎಂ ಇಳಿಯುವುದು. ಕಾರ್ಬುರೇಟರ್ ಹೀಟ್ ಎಂಬ ಹಿಡಿಯನ್ನು ಪೂರ್ತಿ ಎಳೆಯಿರಿ. ಅರ್ಧ ಎಳೆದು ಬಿಡಬೇಡಿ. ಆರ್‌ಪಿಎಂ ತುಸು ಇಳಿದು ಅಲ್ಲೇ ನಿಂತರೆ ಗಡ್ಡೆ ಇರಲಿಲ್ಲ. ಎಂಜಿನ್ ಕೆಮ್ಮಿ, ಆಮೇಲೆ ಆರ್‌ಪಿಎಂ ಏರಿದರೆ ಗಡ್ಡೆ ಕರಗಿತು ಎಂದರ್ಥ. ಕೆಮ್ಮಿಗೆ ಹೆದರಿ ಹಿಡಿಯನ್ನು ಒಳಗೆ ತಳ್ಳುವುದೇ ತಪ್ಪು. ಥ್ರಾಟಲ್ ಇಳಿಸುವ ಮೊದಲೇ ಹೀಟ್ ಎಳೆಯುವ ರೂಢಿ ಇರಲಿ, ಏಕೆಂದರೆ ಬಿಸಿ ಬರುವುದು ಎಕ್ಸಾಸ್ಟ್ ಕೊಳವೆಯಿಂದ. ಎಂಜಿನ್ ನಿಂತ ಮೇಲೆ ಅದು ಬೇಗ ಆರಿಹೋಗುತ್ತದೆ.

ಟ್ಯಾಂಕಿನ ಮಾತೂ ಇದೆ. ಕಬ್‌ನ ಗೇಜ್ ಎಂದರೆ ಕಾರ್ಕ್‌ಗೆ ಸಿಕ್ಕಿಸಿದ ತಂತಿ. ತಂತಿ ಬಾಗಿ ಮುಚ್ಚಳದ ತೂತಿನಲ್ಲಿ ಸಿಕ್ಕಿಕೊಂಡರೆ ಖಾಲಿ ಟ್ಯಾಂಕೂ ತುಂಬಿದಂತೆ ಕಾಣುತ್ತದೆ. ಹೊರಡುವ ಮುನ್ನ ಗುರುತು ಹಾಕಿದ ಕೋಲು ಇಳಿಸಿ ಅಳೆಯಿರಿ. ಎಥನಾಲ್ ಬೆರೆತ ಬಂಕ್ ಪೆಟ್ರೋಲ್ ಬೇಡವೇ ಬೇಡ. ಅದು ಕಾರ್ಕಿನ ಲೇಪವನ್ನೂ ಹಳೆಯ ರಬ್ಬರನ್ನೂ ಹಾಳುಮಾಡುತ್ತದೆ.

ಪ್ರಶ್ನೆ: ನಾನು ವಿಮಾನ ನಿರ್ವಹಣೆಯ ವಿದ್ಯಾರ್ಥಿ. ಬಟ್ಟೆ ಹೊದಿಸಿದ ಹಳೆಯ ವಿಮಾನವನ್ನು ಪರೀಕ್ಷಿಸುವಾಗ ಮೊದಲು ಎಲ್ಲಿ ನೋಡಬೇಕು? (ಹುಬ್ಬಳ್ಳಿಯ ಓದುಗರು)

ಉತ್ತರ: ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ. ಬಾಲ ತಗ್ಗಿರುವುದರಿಂದ ಒಳಸೇರಿದ ಮಳೆನೀರು, ಹಸಿಗಾಳಿಯ ಹನಿ ಎಲ್ಲ ಹಿಂದಕ್ಕೆ ಹರಿದು ಬಾಲದ ಬುಡದ ಸ್ಟೀಲ್ ಕೊಳವೆಗಳ ಹತ್ತಿರ ಸೇರುತ್ತದೆ. ಬಟ್ಟೆಯ ಕೆಳಗಿನ ಸಣ್ಣ ಬಸಿಗಂಡಿಗಳು ಮಣ್ಣು ಮೆತ್ತಿ ಮುಚ್ಚಿದ್ದರೆ ಒಳಗೆ ತುಕ್ಕು ಇದೆ ಎಂದೇ ತಿಳಿದು ಹುಡುಕಿ. ಕೊಳವೆಯನ್ನು ಚೂಪು ಮೊನೆಯಿಂದ ಗಟ್ಟಿಯಾಗಿ ಒತ್ತಿ. ತಗ್ಗು ಬಿದ್ದರೆ ಆ ತುಂಡನ್ನು ಬದಲಿಸಬೇಕು.

ಎರಡನೆಯದು ರೆಕ್ಕೆಯನ್ನು ಹಿಡಿದಿರುವ ಓರೆ ಸ್ಟ್ರಟ್. ಪೈಪರ್‌ನ ಹಳೆಯ ಮಾದರಿಯ ಸ್ಟ್ರಟ್‌ಗಳಿಗೆ ಒಳಗಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಫಳಫಳ ಎನ್ನುತ್ತಲೇ ಇರುತ್ತದೆ. ಸ್ಟ್ರಟ್ ಹೋದರೆ ರೆಕ್ಕೆ ಹೋಯಿತು. ಅದಕ್ಕೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಇವುಗಳಿಗೆ 2 ವರ್ಷಕ್ಕೊಮ್ಮೆ ತುಕ್ಕಿನ ಪರೀಕ್ಷೆ, ತುದಿಯ ಫೋರ್ಕ್‌ಗಳಿಗೆ 500 ಗಂಟೆಗೊಮ್ಮೆ ಬಿರುಕಿನ ಪರೀಕ್ಷೆ ಕಡ್ಡಾಯ ಮಾಡಿತು. ಒಳಗೆ ತುಕ್ಕು ಸೇರದಂತೆ ಮುಚ್ಚಿದ ಹೊಸ ಸ್ಟ್ರಟ್ ಹಾಕಿಸುವುದೇ ಲೇಸು.

ಬಟ್ಟೆ: ಹಳೆಯ ಗ್ರೇಡ್-ಎ ಹತ್ತಿಬಟ್ಟೆಯ ಹೊಸ ಬಲ ಇಂಚಿಗೆ 80 ಪೌಂಡ್, 56ಕ್ಕಿಂತ ಇಳಿದರೆ ಬದಲಿಸಬೇಕು. ಕಬ್‌ನಂಥ ಹಗುರ ವಿಮಾನಕ್ಕೆ ಕನಿಷ್ಠ 46 ಸಾಕು. ಬಿಸಿಲು ಬೀಳುವ ಮೇಲ್ಮೈಯಲ್ಲೇ ಪರೀಕ್ಷಿಸಿ, ಗಾಢ ಬಣ್ಣದ ಜಾಗವನ್ನು ಬಿಡಬೇಡಿ.

ಬಾಲದ ಗಾಲಿ ಇಳಿಯುವಾಗ ಗಡಗಡ ನಡುಗಿದರೆ ಬರೀ ನಟ್ಟು ಬಿಗಿ ಮಾಡಿ ಸುಮ್ಮನಾಗಬೇಡಿ. ವಿಮಾನದಲ್ಲಿ ತೂಕ ಹೇರಿ ಬದಿಯಿಂದ ನೋಡಿ. ಗಾಲಿ ತಿರುಗುವ ಕೀಲಿನ ಮೇಲ್ತುದಿ ಮುಂದಕ್ಕೆ ವಾಲಿದ್ದರೆ ಪಟ್ಟಿ ಸ್ಪ್ರಿಂಗ್ ಬಳಲಿ ಚಪ್ಪಟೆಯಾಗಿದೆ. ಅದನ್ನು ಬದಲಿಸಿ ಅಥವಾ ಮತ್ತೆ ಬಾಗಿಸಿ. ರಡ್ಡರ್‌ನಿಂದ ಗಾಲಿಗೆ ಬರುವ ಸರಪಳಿ ಜೋಲುಬಿದ್ದಿದ್ದರೆ ಕಾಲಿನ ಮಾತು ಗಾಲಿಗೆ ತಡವಾಗಿ ಮುಟ್ಟುತ್ತದೆ. ಮೊದಲ ಉತ್ತರದ ಗ್ರೌಂಡ್ ಲೂಪ್‌ಗೆ ಅಷ್ಟು ತಡವೇ ಸಾಕು.

ಪ್ರಶ್ನೆ: ಜೀವಕ್ಕೇ ಎರವಾಗುವ ಅಪಘಾತ ಹೆಚ್ಚಾಗಿ ಯಾವುದು? (ಮೈಸೂರಿನ ಓದುಗರು)

ಉತ್ತರ: ನೆಲಕ್ಕೆ ಹತ್ತಿರದಲ್ಲಿ ಸ್ಟಾಲ್ ಆಗಿ (ರೆಕ್ಕೆ ಎತ್ತುವ ಬಲ ಕಳೆದುಕೊಂಡು) ಸುತ್ತಿಕೊಂಡು ಬೀಳುವುದು. ರನ್‌ವೇ ಕಡೆಗಿನ ಕೊನೆಯ ತಿರುವು ದಾಟಿಹೋಯಿತೆಂದು ರಡ್ಡರ್ ಒತ್ತಿ ಮೂತಿ ಎಳೆದುಕೊಳ್ಳುತ್ತಾರೆ, ಜೊತೆಗೇ ಸ್ಟಿಕ್ ಹಿಂದೆ ಎಳೆಯುತ್ತಾರೆ. ಕಬ್ ನೇರ ಹಾರಾಟದಲ್ಲಿ ಗಂಟೆಗೆ 61 ಕಿ.ಮೀ.ಗೆ ಸ್ಟಾಲ್ ಆದರೆ, ಎತ್ತರ ಬಿಡದೆ 45 ಡಿಗ್ರಿ ವಾಲಿ ತಿರುಗುವಾಗ 73ಕ್ಕೆ, 60 ಡಿಗ್ರಿಯಲ್ಲಿ 86ಕ್ಕೆ ಸ್ಟಾಲ್ ಆಗುತ್ತದೆ. ಎಚ್ಚರಿಸುವ ಹಾರ್ನ್ ಅದರಲ್ಲಿಲ್ಲ. ತಿರುವು ದಾಟಿದರೆ ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಬನ್ನಿ. ಸೊಂಟದ ಪಟ್ಟಿ ಮಾತ್ರ ಇರುವ ಹಳೆಯ ವಿಮಾನಕ್ಕೆ ಬಣ್ಣ ಬಳಿಸುವ ಮೊದಲು ಭುಜದ ಬೆಲ್ಟ್ ಹಾಕಿಸಿ. ಬದುಕಿ ಬರಬಹುದಾದ ಅಪಘಾತದಲ್ಲಿ ತಲೆ ಹೋಗಿ ಬಡಿಯುವುದು ಡ್ಯಾಶ್‌ಬೋರ್ಡಿಗೆ ಅಥವಾ ಮುಂದಿನ ಸೀಟಿಗೆ. ಬೆಲ್ಟಿನ ಮೇಲ್ತುದಿಯನ್ನು ಕಟ್ಟಬೇಕಾದದ್ದು ಮೈಕಟ್ಟಿನ ಸ್ಟೀಲ್ ಕೊಳವೆಗೆ, ಸೀಟಿನ ಬೆನ್ನಿಗಲ್ಲ.