ಇಪ್ಪತ್ತೊಂಬತ್ತು ವರ್ಷದ ಸೇವೆ, ಎರಡು ಪುಟದ ರೆಸ್ಯೂಮ್

ಪ್ರಶ್ನೆ: 1995ರಲ್ಲಿ ಸಿಂಡಿಕೇಟ್ ಬ್ಯಾಂಕಿಗೆ ಪ್ರೊಬೇಷನರಿ ಆಫೀಸರ್ ಆಗಿ ಸೇರಿದೆ. ವಿಲೀನವಾದ ಮೇಲೆ ಕೆನರಾ ಬ್ಯಾಂಕಿನಲ್ಲಿ ಮುಂದುವರಿದು, 2024ರಲ್ಲಿ ಚೀಫ್ ಮ್ಯಾನೇಜರ್ ಹುದ್ದೆಯಿಂದ ಸ್ವಯಂ ನಿವೃತ್ತಿ ಪಡೆದೆ. ಈಗ ಖಾಸಗಿ ಹಣಕಾಸು ಸಂಸ್ಥೆಗಳಲ್ಲಿ ಸಾಲ ವಿಭಾಗದ ಮುಖ್ಯಸ್ಥರ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ಹನ್ನೊಂದು ವರ್ಗಾವಣೆಗಳನ್ನೂ ಬರೆದು ರೆಸ್ಯೂಮ್ ಆರು ಪುಟವಾಗಿದೆ. ಎಲ್ಲಿಂದಲೂ ಕರೆ ಬರುತ್ತಿಲ್ಲ. ಏನು ಇಡಲಿ, ಏನು ಬಿಡಲಿ?
(ಹೆಸರು ಬೇಡ, ಉಡುಪಿ)

ಉತ್ತರ: ವರ್ಗಾವಣೆಯ ಪಟ್ಟಿ ಬ್ಯಾಂಕಿನ ಸೇವಾ ದಾಖಲೆಗೆ ಸೇರಿದ್ದು. ಹೊಸ ಸಂಸ್ಥೆಗೆ ಬೇಕಾದದ್ದು ಎರಡೇ: ನಿಮ್ಮ ಕೈಯಲ್ಲಿದ್ದ ಜವಾಬ್ದಾರಿ ಎಷ್ಟು ದೊಡ್ಡದು, ನಿಮ್ಮ ತೀರ್ಮಾನದಿಂದ ಏನು ಬದಲಾಯಿತು. ಎರಡು ಪುಟ ಧಾರಾಳ ಸಾಕು.

ಮೊದಲು ಬ್ಯಾಂಕಿನ ಹೆಸರು. ಕರಾವಳಿಯ ಬಹಳಷ್ಟು ಮಂದಿ ಇಲ್ಲಿ ಎಡವುತ್ತಾರೆ. ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ರಂದು. ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಸೇರಿದ್ದು 2019ರ ಏಪ್ರಿಲ್ 1ರಂದು. ಇದನ್ನು ಎರಡು ಪ್ರತ್ಯೇಕ ನೌಕರಿಗಳಂತೆ ಬರೆದರೆ, ದೂರದ ಊರಿನಲ್ಲಿ ಕೂತು ಓದುವವರಿಗೆ ನೀವು ಕೆಲಸ ಬದಲಿಸಿದಂತೆ ಕಾಣುತ್ತದೆ. ಒಂದೇ ಶೀರ್ಷಿಕೆ ಇರಲಿ: 'ಕೆನರಾ ಬ್ಯಾಂಕ್ (2020ರ ಮಾರ್ಚ್‌ವರೆಗೆ ಸಿಂಡಿಕೇಟ್ ಬ್ಯಾಂಕ್), 1995–2024'. ಅದರ ಕೆಳಗೆ ಹುದ್ದೆಗಳು, ಇತ್ತೀಚಿನದು ಮೇಲೆ.

ಕೊನೆಯ ಹತ್ತು–ಹನ್ನೆರಡು ವರ್ಷಕ್ಕೆ ಮುಕ್ಕಾಲು ಪಾಲು ಜಾಗ ಕೊಡಿ. ಪ್ರತಿ ಹುದ್ದೆಯ ಕೆಳಗೆ ಮೊದಲ ಸಾಲಿನಲ್ಲಿ ವ್ಯಾಪ್ತಿ ಹೇಳಿ: ಎಷ್ಟು ಶಾಖೆ, ಎಷ್ಟು ಕೋಟಿ ಸಾಲ, ಎಷ್ಟು ಸಿಬ್ಬಂದಿ, ಮಂಜೂರಾತಿ ಅಧಿಕಾರ ಎಲ್ಲಿವರೆಗೆ, ಯಾರಿಗೆ ವರದಿ. ಇದಿಲ್ಲದೆ 'ಚೀಫ್ ಮ್ಯಾನೇಜರ್' ಎಂದಷ್ಟೇ ಬರೆದರೆ ಖಾಸಗಿಯವರಿಗೆ ಏನೂ ತಿಳಿಯುವುದಿಲ್ಲ. ಅದು ಸ್ಕೇಲ್ ನಾಲ್ಕು (ಅಧಿಕಾರಿಗಳ ನಾಲ್ಕನೆಯ ಶ್ರೇಣಿ) ಎಂದು ಗೊತ್ತಿರುವುದು ಸರಕಾರಿ ಬ್ಯಾಂಕಿನವರಿಗೆ. ನಂತರ ಮೂರೋ ನಾಲ್ಕೋ ಸಾಧನೆ. 'ಸಾಲ ವಸೂಲಿಯ ಮೇಲ್ವಿಚಾರಣೆ' ಎಂಬುದು ಕೆಲಸದ ವಿವರಣೆ, ಸಾಧನೆಯಲ್ಲ. 'ಬಾಕಿ ಬಿದ್ದ ಗೋಡಂಬಿ ಕಾರ್ಖಾನೆಗಳ ಖಾತೆಗಳಿಗೆ ಪ್ರತ್ಯೇಕ ತಂಡ ಮಾಡಿ, ಎರಡು ವರ್ಷದಲ್ಲಿ ಇಷ್ಟು ಕೋಟಿ ನಗದು ವಸೂಲಿ' ಎಂದರೆ ಸಾಧನೆ. ಗ್ರಾಹಕರ ಹೆಸರು ಮಾತ್ರ ಎಲ್ಲಿಯೂ ಬರಬಾರದು. ಹಳೆಯ ಬ್ಯಾಂಕಿನ ಗುಟ್ಟು ಬಿಟ್ಟುಕೊಡುವವರನ್ನು ಯಾರೂ ಸಾಲ ವಿಭಾಗಕ್ಕೆ ತೆಗೆದುಕೊಳ್ಳುವುದಿಲ್ಲ.

ಎನ್‌ಪಿಎ (ಒಟ್ಟು ಸಾಲದಲ್ಲಿ ಮರುಪಾವತಿ ನಿಂತುಹೋದ ಪಾಲು) ಅಂಕಿ ಹಾಕುವಾಗ ತುಂಬಾ ಜಾಗ್ರತೆ ಬೇಕು. ಶೇಕಡಾ 9 ಇದ್ದದ್ದು 5ಕ್ಕೆ ಇಳಿಯಿತು ಎಂದಿರೋ, ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ 'ಹೇಗೆ ಇಳಿಯಿತು?' ನಗದು ವಸೂಲಾದರೂ ಇಳಿಯುತ್ತದೆ, ಸಾಲವನ್ನು ರೈಟ್ ಆಫ್ ಮಾಡಿದರೂ (ವಸೂಲಾಗದ್ದೆಂದು ಲೆಕ್ಕದಿಂದ ತೆಗೆದರೂ) ಇಳಿಯುತ್ತದೆ, ಹೊಸ ಸಾಲ ಸುರಿದು ಒಟ್ಟು ಮೊತ್ತ ಹಿಗ್ಗಿಸಿದರೂ ಇಳಿಯುತ್ತದೆ. ವಸೂಲಿ ಎಷ್ಟು, ಮರಳಿ ಸರಿಯಾದ ಖಾತೆಗಳು ಎಷ್ಟು, ರೈಟ್ ಆಫ್ ಎಷ್ಟು ಎಂದು ಬಿಡಿಸಿ ಬರೆಯಿರಿ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಮೊರಟೋರಿಯಂ (ಸಾಲದ ಕಂತು ಮುಂದೂಡುವ ಅವಕಾಶ) ಇದ್ದುದರಿಂದ ಆ ವರ್ಷದ ಅಂಕಿಯನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ. 2019ರ ಮಾರ್ಚ್ ಅಂತ್ಯವನ್ನೂ 2023ರ ಮಾರ್ಚ್ ಅಂತ್ಯವನ್ನೂ ಹೋಲಿಸಿದರೆ ವಾದಕ್ಕೆ ನಿಲ್ಲುತ್ತದೆ. ಇಡೀ ಪ್ರಾದೇಶಿಕ ಕಚೇರಿಯ ಫಲವನ್ನು ಒಬ್ಬರೇ ಹೊತ್ತುಕೊಳ್ಳುವುದೂ ಬೇಡ. ನಿಮ್ಮ ಪಾಲು ಯಾವುದೋ ಅದನ್ನೇ ಹೇಳಿ.

1995ರಿಂದ 2011ರವರೆಗಿನದು ಮೂರು ಸಾಲಿನಲ್ಲಿ ಮುಗಿಯಲಿ: ಹುದ್ದೆಗಳು, ರಾಜ್ಯಗಳು, ಬಡ್ತಿ ಸಿಕ್ಕ ವರ್ಷಗಳು. ಹೊರರಾಜ್ಯದ ಗ್ರಾಮೀಣ ಶಾಖೆಯಲ್ಲಿ ದುಡಿದದ್ದನ್ನು ಉಳಿಸಿಕೊಳ್ಳಿ, ಸಣ್ಣ ಸಾಲ ಕೊಡುವ ಸಂಸ್ಥೆಗಳಿಗೆ ಅದು ಬೆಲೆಯುಳ್ಳದ್ದು. ತಂದೆಯ ಹೆಸರು, ಜಾತಿ, ಕುಟುಂಬದ ವಿವರ ತೆಗೆದುಬಿಡಿ.

ಇನ್ನು ಫೈಲು. ಕೋಷ್ಟಕ, ಎರಡು ಕಾಲಂ, ಫೋಟೊ ಬೇಡ. ಆನ್‌ಲೈನ್ ಅರ್ಜಿಗಳನ್ನು ಹಲವು ಕಡೆ ಮೊದಲು ಓದುವುದು ಸಾಫ್ಟ್‌ವೇರ್. ಕೋಷ್ಟಕದೊಳಗಿನ ದಿನಾಂಕ ಮತ್ತು ಹುದ್ದೆಗಳನ್ನು ಅದು ಕಲಸಿಹಾಕುವುದುಂಟು. ನಿಮ್ಮ ಪಿಡಿಎಫ್‌ನ ಪಠ್ಯವನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಅಲ್ಲಿ ಸಾಲುಗಳು ಹಿಂದುಮುಂದಾದರೆ ಸಾಫ್ಟ್‌ವೇರಿಗೂ ಹಾಗೆಯೇ ಕಾಣುತ್ತದೆ.

ಪ್ರಶ್ನೆ: ದುಬೈಯ ಕಟ್ಟಡ ಕಂಪೆನಿಯಲ್ಲಿ ಹನ್ನೊಂದು ವರ್ಷ ಇದ್ದೆ. ಅನುಭವ ಪತ್ರದಲ್ಲಿ 'ಕೋಆರ್ಡಿನೇಟರ್', ಮಾಡಿದ್ದು ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ. ಅಮ್ಮನ ಆರೈಕೆಗೆಂದು ಬಂದು ಹದಿನಾಲ್ಕು ತಿಂಗಳಾಯಿತು. ಹೇಗೆ ಬರೆಯಲಿ?
(ಓದುಗರು, ಸುರತ್ಕಲ್)

ಉತ್ತರ: ಅನುಭವ ಪತ್ರದಲ್ಲಿರುವ ಹುದ್ದೆಯನ್ನೇ ಬರೆಯಿರಿ, ಹಿನ್ನೆಲೆ ಪರಿಶೀಲನೆಯಲ್ಲಿ ಒಂದು ಪದ ತಾಳೆಯಾಗದಿದ್ದರೂ ಆಫರ್ ನಿಂತುಹೋಗಬಹುದು. ಮುಂದಿನ ಸಾಲಿನಲ್ಲೇ ಕಟ್ಟಡದ ವಿಸ್ತೀರ್ಣ, ಗುತ್ತಿಗೆಯ ಮೊತ್ತ (ದಿರ್ಹಮ್, ಪಕ್ಕದಲ್ಲಿ ರೂಪಾಯಿ), ಕೈಕೆಳಗಿದ್ದ ಕೆಲಸಗಾರರು, ಗಡುವಿಗೆ ಹಸ್ತಾಂತರವಾಯಿತೇ ಎಂಬುದನ್ನು ಕೊಡಿ. ಮ್ಯಾನೇಜರ್ ಕೆಲಸ ಎಂದು ಓದುವವರಿಗೇ ಗೊತ್ತಾಗುತ್ತದೆ. ಬಿಡುವಿನ ಅವಧಿಯನ್ನು ತಿಂಗಳು ಸಹಿತ ಒಂದೇ ಸಾಲಿನಲ್ಲಿ ಹೇಳಿ: 'ಕುಟುಂಬದ ಆರೈಕೆ'. ತಿಂಗಳು ಬಿಟ್ಟು ಬರೇ ವರ್ಷ ಹಾಕಿದರೆ ಏನೋ ಮುಚ್ಚಿಡುತ್ತಿದ್ದೀರಿ ಎಂಬ ಅನುಮಾನ ಬರುತ್ತದೆ.