ಇಕ್ಸೋರಾ ಹಳದಿ, ದಾಸವಾಳಕ್ಕೆ ತುಕ್ರಾ: ಏನು ಮಾಡೋಣ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮನೆ ಮುಂದೆ ಕಾಂಪೌಂಡ್ ಉದ್ದಕ್ಕೂ 20 ಅಡಿ ಜಾಗವಿದೆ, ಒಳ್ಳೆ ಬಿಸಿಲು. ವರ್ಷವಿಡೀ ಹಸಿರಾಗಿದ್ದು ಬಣ್ಣಬಣ್ಣದ ಹೂ ಬಿಡಲಿ ಅಂತ ಇಕ್ಸೋರಾ, ದಾಸವಾಳ ಹಾಕಿದೆವು. ಇಕ್ಸೋರಾ ಎಲೆ ಹಳದಿಯಾಗಿದೆ, ಗೊಬ್ಬರ ಹಾಕಿದರೂ ಸರಿಹೋಗಿಲ್ಲ. ದಾಸವಾಳದ ಕುಡಿ ಮುರುಟಿಕೊಂಡು ಬಿಳಿ ಹಿಟ್ಟು ಕಟ್ಟಿದೆ. ಹಾಕೋದು ಬೋರ್‌ವೆಲ್ ನೀರು. ಪಕ್ಕದಲ್ಲೇ ನಮ್ಮ ಹಿಪ್ಪುನೇರಳೆ ತೋಟ. ಔಷಧಿ ಹೊಡೆಯಬಹುದಾ? ಬೇರೆ ಯಾವ ಗಿಡ ಹಾಕಬಹುದು?

ಉತ್ತರ: ಮೊದಲು ಔಷಧಿ ವಿಷಯ. ದಯವಿಟ್ಟು ಹೊಡೆಯಬೇಡಿ. ಗಾಳಿಗೆ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಅದನ್ನು ತಿನ್ನುವ ರೇಷ್ಮೆ ಹುಳಕ್ಕೆ ಆಪತ್ತು. ಬೇವಿನೆಣ್ಣೆ ಪರವಾಗಿಲ್ಲ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ರೇಷ್ಮೆ ಹುಳಕ್ಕೆ ಅದೂ ಆಗುವುದಿಲ್ಲ.

ದಾಸವಾಳದ ಕುಡಿಯಲ್ಲಿರುವುದು ಹಿಟ್ಟು ತಿಗಣೆ. ಹಿಪ್ಪುನೇರಳೆಗೆ ತುಕ್ರಾ, ಅಂದರೆ ಕುಡಿ ಮುರುಟುವ ತೊಂದರೆ, ತರುವ ಗುಲಾಬಿ ಬಣ್ಣದ ತಿಗಣೆಗೆ ದಾಸವಾಳವೂ ಅಷ್ಟೇ ಇಷ್ಟ. ಎಲೆ ಮುದುಡಿ ಕುಡಿ ಗಂಟಾಗುವುದು ಎರಡರಲ್ಲೂ ಒಂದೇ ಥರ. ಹಾಗಾಗಿ ಇದನ್ನು ಬರೀ ಹೂಗಿಡದ ಸಮಸ್ಯೆ ಅಂತ ಬಿಡಬೇಡಿ. ಮುರುಟಿದ ಕುಡಿಯನ್ನು ನಾಲ್ಕು ಬೆರಳು ಕೆಳಗೆ ಕತ್ತರಿಸಿ, ಅಲ್ಲೇ ಸೋಪಿನ ನೀರಿನ ಬಕೆಟ್‌ಗೆ ಹಾಕಿ. ನೆಲಕ್ಕೆ ಬಿಟ್ಟರೆ ಮರಿಗಳು ಹರಿದಾಡಿ ಮತ್ತೆ ಗಿಡ ಹತ್ತುತ್ತವೆ. ಉಳಿದ ಕೊಂಬೆಗೆ ಪೈಪಿನಿಂದ ಜೋರಾಗಿ ನೀರು ಬಿಡಿ. ಕಾಂಡಕ್ಕೆ ಒಂದು ಬಟ್ಟೆ ಪಟ್ಟಿ ಸುತ್ತಿ ಮೇಲೆ ಗ್ರೀಸ್ ಸವರಿ, ಇರುವೆ ಹತ್ತುವುದಿಲ್ಲ. ತಿಗಣೆ ಬಿಡುವ ಸಿಹಿ ಅಂಟಿನ ಆಸೆಗೆ ಇರುವೆಗಳೇ ಅದನ್ನು ಕಾಯುತ್ತವೆ.

ಇನ್ನೊಂದು ಮಾತು. ತಿಗಣೆ ಗುಂಪಿನ ಮಧ್ಯೆ ಮೈತುಂಬ ಉದ್ದುದ್ದ ಬಿಳಿ ಎಳೆ ಇರುವ, ಸ್ವಲ್ಪ ದೊಡ್ಡ ಮರಿ ಚುರುಕಾಗಿ ಓಡಾಡುತ್ತಿದ್ದರೆ ಕೊಲ್ಲಬೇಡಿ. ಅದು ತಿಗಣೆ ತಿನ್ನುವ ಗುಲಗಂಜಿ ಹುಳುವಿನ ಮರಿ. ನೋಡಲು ತಿಗಣೆಯಂತೆಯೇ ಇರುತ್ತದೆ, ಪಾಪ, ಅದನ್ನೇ ಮೊದಲು ಹೊಸಕಿ ಹಾಕುತ್ತಾರೆ.

ಇನ್ನು ಇಕ್ಸೋರಾ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಅದು ಕಬ್ಬಿಣದ ಕೊರತೆ. ನಮ್ಮ ಕೆಮ್ಮಣ್ಣಿನ ಕೆಂಪೇ ಕಬ್ಬಿಣದ್ದು, ಆದರೂ ಗಿಡಕ್ಕೆ ಸಿಗುತ್ತಿಲ್ಲ. ಕಾರಣ ನೀರು. ನಿಮ್ಮ ಹಂಡೆಯೊಳಗೆ ಬಿಳಿ ಪೊರೆ ಕಟ್ಟುತ್ತದೆ ಅಲ್ವಾ? ಆ ಸುಣ್ಣದ ಅಂಶವೇ ದಿನಾ ಬುಡಕ್ಕೆ ಸೇರಿ ಕಬ್ಬಿಣವನ್ನು ಕರಗಲು ಬಿಡುವುದಿಲ್ಲ. ಒಣ ಮಣ್ಣಿನ ಮೇಲೆ ನಿಂಬೆರಸ ಹಿಂಡಿ ನೋಡಿ. ಬುಸ್ ಅಂತ ಗುಳ್ಳೆ ಎದ್ದರೆ ಸುಣ್ಣ ಚೆನ್ನಾಗಿಯೇ ಕೂತಿದೆ ಅಂತ ಅರ್ಥ. ಕರಾವಳಿಯವರು ಕೇಪಳ ಅನ್ನುವುದು ಈ ಗಿಡಕ್ಕೇ. ಅಲ್ಲಿ ಜಡಿಮಳೆ, ಹುಳಿ ಮಣ್ಣು. ಅಲ್ಲಿ ಗುಡ್ಡದಲ್ಲಿ ತಾನಾಗೇ ಬೆಳೆಯುವುದು ಇಲ್ಲಿ ಒದ್ದಾಡುತ್ತದೆ.

ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಸೊಪ್ಪಿನ ಕಡೆ ಹಾರದಂತೆ ಕೈ ಸ್ಪ್ರೇಯಲ್ಲೇ ಹೊಡೆಯಿರಿ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಬಟ್ಟೆ, ಗೋಡೆ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಪಾನ. ಆದರೆ ನೀರು ಅದೇ ಇದ್ದರೆ ಹಳದಿ ಮತ್ತೆ ಬರುತ್ತದೆ. 100 ಚದರಡಿ ತಾರಸಿಗೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 90 ಲೀಟರ್ ನೀರು. ಒಂದು ಡ್ರಮ್ ಇಟ್ಟು ಹಿಡಿದಿಡಿ, ಇಕ್ಸೋರಾಗೆ ಅದನ್ನೇ ಹಾಕಿ. ಅದು ಆಗದಿದ್ದರೆ ಆ ಗಿಡದ ಆಸೆ ಬಿಡುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಅದರ ಜಾಗಕ್ಕೆ ನಮ್ಮ ಬಿಸಿಲು, ನಮ್ಮ ನೀರಿಗೆ ಒಗ್ಗುವಂಥದ್ದು ಹಾಕಿ. ಹಿಂದೆ ಗೋಡೆ ಪಕ್ಕ ರತ್ನಗಂಧಿ, ಕೆಂಪು ಹಳದಿ ಎರಡೂ ಒಂದೇ ಗೊಂಚಲಲ್ಲಿ ಬರುತ್ತದೆ. ಅದರ ನಡುವೆ ನಂದಿಬಟ್ಟಲು. ಮುಂದೆ ನೇರಳೆ ಬಣ್ಣದ ಸ್ಫಟಿಕ, ಚಳಿಗಾಲದಲ್ಲಿ ಮೈತುಂಬ ಹೂ. ಮೂರು ಮೂರು ಅಡಿ ಅಂತರ ಬಿಡಿ. ಒಂದೂವರೆ ಅಡಿ ಗುಂಡಿ ತೆಗೆದು ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಮುಂಗಾರಿಗೆ ನೆಡಿ. ದಾಸವಾಳ ಹೊಸ ಚಿಗುರಲ್ಲೇ ಹೂ ಬಿಡುವುದು. ಶಿವರಾತ್ರಿ ಆಸುಪಾಸಿನಲ್ಲಿ ಮೂರರಲ್ಲೊಂದು ಪಾಲು ಸವರಿಬಿಡಿ.

ಕಣಗಿಲೆ ಇಲ್ಲಿಗೆ ಬಹಳ ಚೆನ್ನಾಗಿ ಹೊಂದುತ್ತದೆ, ಆದರೂ ಹಸು ಇರುವ ಮನೆಗೆ ನಾನು ಹೇಳುವುದಿಲ್ಲ. ಅದರ ಎಲೆ ಒಣಗಿದರೂ ವಿಷವೇ. ಸವರಿದ ಕೊಂಬೆ ಮೇವಿನ ಜತೆ ಸೇರಿಬಿಟ್ಟರೆ ಹಸು ಉಳಿಯುವುದು ಕಷ್ಟ.

ಪ್ರಶ್ನೆ: ಕುಂಡದಲ್ಲಿ ಬೋಗನ್‌ವಿಲ್ಲಾ ಇದೆ. ದಿನಾ ನೀರು, ತಿಂಗಳಿಗೊಮ್ಮೆ ಯೂರಿಯಾ. ಸೊಂಪಾಗಿ ಬೆಳೆದಿದೆ, ಒಂದೂ ಹೂವಿಲ್ಲ. (ಮಾಲೂರಿನ ಓದುಗರು)

ಉತ್ತರ: ಆರೈಕೆ ಜಾಸ್ತಿಯಾಗಿದೆ. ಯೂರಿಯಾ ನಿಲ್ಲಿಸಿ, ಅದು ಬರೀ ಎಲೆ ಕೊಡುತ್ತದೆ. ಆರು ಗಂಟೆ ನೇರ ಬಿಸಿಲು ಬೀಳುವ ಕಡೆ ಇಡಿ. ಎಲೆ ಸ್ವಲ್ಪ ಬಾಡುವವರೆಗೂ ನೀರು ಹಾಕಬೇಡಿ, ಆಮೇಲೆ ಕುಂಡದ ತೂತಿನಿಂದ ಸೋರುವಷ್ಟು ಹಾಕಿ. ಹೀಗೆ ಕೆಲವು ವಾರ ಮಾಡಿದರೆ ತುದಿಯಲ್ಲಿ ಬಣ್ಣ ಕಾಣಿಸುತ್ತದೆ. ಆ ಬಣ್ಣದ್ದು ನಿಜವಾಗಿ ಎಲೆಯೇ, ಹೂವು ಅದರ ನಡುವಿನ ಸಣ್ಣ ಬಿಳಿ ಕೊಳವೆ. ಬಣ್ಣ ಉದುರಿದ ಮೇಲೆ ತುದಿ ಕತ್ತರಿಸಿ, ಪಕ್ಕದಿಂದ ಹೊಸ ಕೊಂಬೆ ಬರುತ್ತದೆ.