ಗೇರ್ ಬಾಕ್ಸ್ ಇಳಿಸುವ ಮುಂಚೆ ಹ್ಯಾಂಡ್ ಬ್ರೇಕ್ ಎಳೆದು ತಳ್ಳಿ ನೋಡಿ

80ರ ದಶಕದ ಮಹೀಂದ್ರ ಫೋರ್ ವೀಲ್ ಜೀಪು. ಏರು ಹತ್ತುತ್ತಿದ್ದಾಗ 'ಟಕ್' ಅಂತ ಸದ್ದಾಗಿ ನಿಂತಿತು. ಇಂಜಿನ್ ಓಡುತ್ತೆ, ಎಲ್ಲ ಗೇರೂ ಬೀಳುತ್ತೆ, ಕ್ಲಚ್ ಬಿಟ್ಟರೆ ಗಾಡಿ ಮಾತ್ರ ಇದ್ದಲ್ಲೇ. ಗ್ಯಾರೇಜಿನವರು ಗೇರ್ ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಹಾಕೋಣ ಅಂತಿದ್ದಾರೆ, ಹೂಂ ಅನ್ನಲಾ ಅಂತ ಕೇಳಿದ್ದೀರಿ.

ಇವತ್ತೇ ಹೂಂ ಅನ್ನಬೇಡಿ. ನಾನು ಹೂಂ ಅಂದು ಕೆಟ್ಟಿದ್ದೇನೆ.

ನನ್ನದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಜೀಪು ಸಿಜೆ-3ಬಿ ವಂಶದ್ದು, ಬಾನೆಟ್ ಎತ್ತರ ಇರುತ್ತಲ್ಲ, ಅದು. ವಿಲ್ಲಿಸ್‌ನವರು 1953ರಲ್ಲಿ ತಂದ ಮಾದರಿ. ಇಂಜಿನ್ನಿನ ತಲೆ ಎತ್ತರವಾಯಿತು ಅಂತ ಬಾನೆಟ್ಟನ್ನೂ ಎತ್ತರ ಮಾಡಿದರು. ನಮ್ಮಲ್ಲಿ ಇಂಜಿನ್ ಬದಲಾದರೂ ಆ ಬಾನೆಟ್ ಬಹಳ ಕಾಲ ಹಾಗೇ ಉಳಿಯಿತು. ಒಂದು ಮಳೆಗಾಲ ಗೊಬ್ಬರದ ಮೂಟೆ ಹೇರಿಕೊಂಡು ತೋಟದ ಏರು ಹತ್ತುವಾಗ ನಿಮಗಾದದ್ದೇ ನನಗೂ ಆಯಿತು. ಸದ್ದು ಬಂತು, ಎಳೆತ ಹೋಯಿತು. ಹ್ಯಾಂಡ್ ಬ್ರೇಕ್ ಎಳೆದೆ, ಗಾಡಿ ಹಿಂದಕ್ಕೆ ಜಾರತೊಡಗಿತು. ಕಾಲಲ್ಲಿ ಬ್ರೇಕ್ ಒತ್ತಿ ಹಿಡಿದುಕೊಂಡೆ, ಆಳು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಹ್ಯಾಂಡ್ ಬ್ರೇಕಿನ ಲೈನರ್ ಆಯಿಲ್ ಕುಡಿದು ಕುಡಿದು ಅದು ಯಾವತ್ತೂ ಸರಿಯಾಗಿ ಹಿಡಿದದ್ದೇ ಇಲ್ಲ, ಅದಕ್ಕೇ ನಾನು ಆ ಜಾರುವಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಪ್ಪಿದ್ದು ಅಲ್ಲೇ.

ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಗೇರ್ ಬಾಕ್ಸ್ ಇಳಿಸಿದರು, ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಎಲ್ಲ ಹೊಸದು ಹಾಕಿ ಏರಿಸಿದರು. ಸ್ಟಾರ್ಟ್ ಮಾಡಿ ಕ್ಲಚ್ ಬಿಟ್ಟರೆ ಗಾಡಿ ಅದೇ ಜಾಗದಲ್ಲಿ. ಪಕ್ಕದ ತೋಟದ ವಯಸ್ಸಾದ ಡ್ರೈವರ್ ಒಬ್ಬರು ಯಾವುದೋ ಕೆಲಸಕ್ಕೆ ಬಂದವರು ಒಳಗೆ ಇಣುಕಿ, "ಗೌಡ್ರೆ, ಗಾಡಿ ನಿಂತೈತೆ, ಮುಳ್ಳು ಇಪ್ಪತ್ತು ತೋರಿಸ್ತೈತಲ್ಲ" ಅಂದರು. ಸ್ಪೀಡೋಮೀಟರಿನ ಮುಳ್ಳು. ಅರ್ಧ ಗಂಟೆಯಲ್ಲಿ ಹಿಂದಿನ ಎಡಗಡೆ ಹಬ್ಬಿನ (ಚಕ್ರ ಕೂರುವ ಭಾಗ) ಕೀ, ಅಂದರೆ ಹಬ್ಬನ್ನು ಆಕ್ಸಲ್ಲಿಗೆ ಕಟ್ಟಿಹಾಕುವ ಬೆಣೆ, ತುಂಡಾಗಿರುವುದು ಸಿಕ್ಕಿತು. ಬೆರಳುದ್ದದ ಕಬ್ಬಿಣದ ತುಂಡು, ಮಾರಾಯ್ರೆ.

ಅವರು ನೋಡಿದ್ದು ಏನು ಅಂದರೆ, ಈ ಜೀಪುಗಳಲ್ಲಿ ಸ್ಪೀಡೋಮೀಟರಿನ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ (ಗೇರ್ ಬಾಕ್ಸಿನ ಹಿಂದೆ ಕೂತು ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂದಿನ ಶಾಫ್ಟಿಗೆ ಹೋಗುವ ಜಾಗದಿಂದ ಹೊರಡುತ್ತೆ. ಮುಳ್ಳು ಏಳುತ್ತಿದೆ ಅಂದರೆ ಇಂಜಿನ್ನಿನ ಶಕ್ತಿ ಕ್ಲಚ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮೂರನ್ನೂ ದಾಟಿ ಬಂದಾಯಿತು. ಹಾಳಾಗಿರುವುದು ಅಲ್ಲಿಂದ ಹಿಂದೆ. ಕೇಬಲ್ ಸತ್ತು ವರ್ಷಗಳಾದ ಜೀಪುಗಳೇ ಜಾಸ್ತಿ, ನಿಮ್ಮದೂ ಹಾಗಿದ್ದರೆ ಇನ್ನೊಂದು ದಾರಿ ಇದೆ.

ಆ ದಾರಿಯೇ ಹ್ಯಾಂಡ್ ಬ್ರೇಕ್. ಕಾರಿನಲ್ಲಿ ಅದು ಹಿಂದಿನ ಚಕ್ರಗಳನ್ನೇ ಹಿಡಿಯುತ್ತೆ. ಹಳೆಯ ಜೀಪಿನಲ್ಲಿ ಹಾಗಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವಲ್ಲಿ ಒಂದು ಸಣ್ಣ ಡ್ರಮ್ ಇರುತ್ತೆ, ಅದು ಹಿಡಿಯುವುದು ಶಾಫ್ಟನ್ನು. ಶಾಫ್ಟಿಗೂ ಚಕ್ರಕ್ಕೂ ನಡುವಿನ ಕೊಂಡಿ ತಪ್ಪಿದರೆ ಎಳೆತವೂ ಹೋಗುತ್ತೆ, ಹ್ಯಾಂಡ್ ಬ್ರೇಕೂ ಹೋಗುತ್ತೆ, ಎರಡೂ ಒಂದೇ ಕ್ಷಣದಲ್ಲಿ. ಕಾಲಿನ ಬ್ರೇಕ್ ಡ್ರಮ್ ಹಬ್ಬಿನ ಜೊತೆ ಇರುವುದರಿಂದ ಅದು ಮಾತ್ರ ಕೆಲಸ ಮಾಡುತ್ತಲೇ ಇರುತ್ತೆ. ಅವತ್ತು ಏರಿನಲ್ಲಿ ನನಗೆ ಆದದ್ದು ಅಕ್ಷರಶಃ ಇದೇ. ಕ್ಲಚ್ ಪ್ಲೇಟ್ ಸವೆದರೆ ಹ್ಯಾಂಡ್ ಬ್ರೇಕ್ ಯಾಕೆ ಹೋಗಬೇಕು?

ಈಗ ನೀವು ಮಾಡಬೇಕಾದ್ದು. ಗಾಡಿಯನ್ನು ಪೂರಾ ಮಟ್ಟಸ ಜಾಗಕ್ಕೆ ತನ್ನಿ. ಇಂಜಿನ್ ಆಫ್, ಗೇರ್ ನ್ಯೂಟ್ರಲ್, ಫೋರ್ ವೀಲ್ ಬಿಡಿಸಿ, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆಯಿರಿ. ಇಬ್ಬರು ಸ್ವಲ್ಪ ತಳ್ಳಲಿ. ನೀವು ಪಕ್ಕದಲ್ಲಿ ಕೂತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ನೋಡಿ. ಗಾಡಿಯ ಅಡಿಗೆ ಮಾತ್ರ ನುಸುಳಬೇಡಿ. ಗಾಡಿ ಉರುಳುತ್ತಿದೆ, ಶಾಫ್ಟ್ ತಿರುಗುತ್ತಿಲ್ಲ ಅಂದರೆ ಕ್ಲಚ್ಚಿನ ಮಾತು ಮುಗಿಯಿತು, ರೋಗ ಹಿಂದಿನ ಆಕ್ಸಲ್ಲಿನಲ್ಲಿದೆ. ಗಾಡಿಯ ಜೊತೆ ಶಾಫ್ಟೂ ತಿರುಗಿದರೆ ಹ್ಯಾಂಡ್ ಬ್ರೇಕಿನ ಲೈನರ್ ಹಿಡಿಯುತ್ತಿಲ್ಲ ಅಷ್ಟೆ, ಹಿಂದಿನ ಆಕ್ಸಲ್ ಸರಿಯೋ ಇಲ್ಲವೋ ಇದರಿಂದ ಖಾತ್ರಿಯಾಗಲ್ಲ, ಕೆಳಗೆ ಹೇಳುವ ಸೀಮೆಸುಣ್ಣದ ಗೆರೆ ಹಾಕಿ ನೋಡಿ. ಗಾಡಿ ಅಲುಗದಿದ್ದರೆ ಹಿಂದೆ ಎಲ್ಲ ಸರಿ, ಮುಂದೆ ಹುಡುಕಬೇಕು. ಶಾಫ್ಟಿನ ತುದಿಯ ಕೀಲು, ಅಂದರೆ ಕ್ರಾಸೇ ಮುರಿದು ನೇತಾಡುತ್ತಿದ್ದರೆ ಹೇಳುವುದೇನಿದೆ, ಕಣ್ಣಿಗೇ ಕಾಣುತ್ತೆ.

"ಒಂದು ಕಡೆ ತುಂಡಾದರೆ ಇನ್ನೊಂದು ಚಕ್ರ ಎಳೆಯಬೇಕಲ್ಲ?" ಅಂತ ನೀವು ಕೇಳಬಹುದು, ನಾನೂ ಕೇಳಿದ್ದೆ. ಎಳೆಯಲ್ಲ. ಡಿಫರೆನ್ಷಿಯಲ್ ಅಂದರೆ ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆ, ಅದರ ಸ್ವಭಾವವೇ ಹಾಗೆ, ಯಾವ ಕಡೆ ಸಲೀಸೋ ಆ ಕಡೆಗೆ ತಿರುಗುತ್ತೆ. ಕೆಸರಿನಲ್ಲಿ ಒಂದು ಚಕ್ರ ಗರಗರ ಸುತ್ತಿ ಇನ್ನೊಂದು ಸುಮ್ಮನಿರುತ್ತಲ್ಲ, ಅದೇ ಆಟ. ಇಲ್ಲಿ ಮಾತ್ರ ಆಕ್ಸಲ್ ಒಳಗೊಳಗೇ ಸುತ್ತುತ್ತೆ, ಚಕ್ರ ಅಲುಗುವುದಿಲ್ಲ. ಮುಂದಿನ ಚಕ್ರಗಳಿಗೆ ಫ್ರೀ ವೀಲ್ ಹಬ್ (ಚಕ್ರವನ್ನು ಆಕ್ಸಲ್ಲಿಗೆ ಬೇಕಾದಾಗ ಸೇರಿಸಿ, ಬೇಡವಾದಾಗ ಬಿಡಿಸುವ ಹಬ್) ಹಾಕಿಸಿಕೊಂಡವರು ಒಂದೇ ಕಡೆ ಲಾಕ್ ಮಾಡಿ "ಫೋರ್ ವೀಲ್ ಹಾಕಿದ್ರೂ ಎಳೀತಿಲ್ಲ" ಅಂತ ಗೋಳಾಡುವುದೂ ಇದರಿಂದಲೇ. ಎರಡೂ ಕಡೆ ಲಾಕ್ ಆಗಿರಬೇಕು.

ಎಡವೋ ಬಲವೋ ತಿಳಿಯಲು ನಮ್ಮ ಮಾದರಿಯಲ್ಲಿ ಕಷ್ಟವಿಲ್ಲ. ಹಿಂದಿನ ಆಕ್ಸಲ್ ತುದಿ ಟೇಪರ್, ಅಂದರೆ ಹೊರಗೆ ಹೋದಂತೆ ಸಪೂರ ಇದ್ದು, ಹಬ್ ಅದರ ಮೇಲೆ ಕೂತು, ನಡುವೆ ಒಂದು ಕೀ, ಹೊರಗೆ ದೊಡ್ಡ ನಟ್ಟು. ಹಬ್ಬಿನ ಟೋಪಿ ಬಿಚ್ಚಿ, ಆಕ್ಸಲ್ ತುದಿಗೂ ಹಬ್ಬಿಗೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆಫ್ ಇರುವಾಗಲೇ ಹ್ಯಾಂಡ್ ಬ್ರೇಕ್ ಬಿಟ್ಟು ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ತಿರುಗಿಸಿ. ಸರಿ ಇರುವ ಗಾಡಿಯಲ್ಲಿ ಅದು ಸ್ವಲ್ಪ ಆಡಿ ನಿಲ್ಲುತ್ತೆ. ನಿಮ್ಮದರಲ್ಲಿ ಸುತ್ತುತ್ತಲೇ ಹೋಗಬಹುದು. ಯಾವ ಕಡೆ ಗೆರೆ ಎರಡಾಗುತ್ತೋ ಆ ಕಡೆಯ ಕೀ ಹೋಗಿದೆ. ಎರಡೂ ಕಡೆ ಗೆರೆ ಹಾಗೇ ಇದ್ದು ಶಾಫ್ಟ್ ಸುತ್ತಿದರೆ ಆಕ್ಸಲ್ ಒಳಗೆ ತುಂಡಾಗಿದೆ, ಇಲ್ಲವೇ ಶಾಫ್ಟಿನಿಂದ ಆಕ್ಸಲ್ಲಿಗೆ ಶಕ್ತಿ ತಿರುಗಿಸುವ ಕ್ರೌನ್-ಪಿನಿಯನ್ ಗೇರುಗಳ ಹಲ್ಲು ಉದುರಿದೆ. ಹೌಸಿಂಗಿನ ಆಯಿಲ್ ಇಳಿಸಿದರೆ ಚೂರುಗಳು ಸಾಕ್ಷಿ ಹೇಳುತ್ತವೆ.

ಒಂದು ಎಚ್ಚರಿಕೆ. ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿದ ಕೂಡಲೇ ಈ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದ ಹಾಗೆ. ಅದೇ ಡಿಫರೆನ್ಷಿಯಲ್ ಆಟದಿಂದ, ಎತ್ತಿದ ಚಕ್ರ ಸುತ್ತುತ್ತೆ, ಗಾಡಿ ಜಾಕಿನಿಂದ ಜಾರುತ್ತೆ. ಜೀಪು ಪೂರ್ತಿ ಸರಿ ಇರುವಾಗಲೂ ಹೀಗೇ. ಪಂಕ್ಚರ್ ಹಾಕುವಾಗಲೂ ಕಲ್ಲು ಕೊಡದೆ ಜಾಕ್ ಕೊಡಬೇಡಿ.

ಹಿಂದೆ ಎಲ್ಲ ಸರಿ ಇದೆ ಅಂತಾದರೆ ಮೊದಲು ಟ್ರಾನ್ಸ್‌ಫರ್ ಕೇಸಿನ ಹೈ-ಲೋ ಲಿವರ್ ನೋಡಿ. ನಗಬೇಡಿ. ಅದಕ್ಕೆ ನಡುವೆ ಒಂದು ನ್ಯೂಟ್ರಲ್ ಇದೆ, ಕಾಲು ತಾಗಿಯೋ ಒಳಗಿನ ಸವೆತದಿಂದಲೋ ಅಲ್ಲಿಗೆ ಜಾರಿಕೊಂಡರೆ ನೀವು ಹೇಳಿದ ಲಕ್ಷಣವೇ ಬರುತ್ತೆ. ಅದೂ ಸರಿ ಇದ್ದರೆ, ಲಿವರನ್ನು ಬೇಕೆಂದೇ ನ್ಯೂಟ್ರಲ್‌ಗೆ ತಂದು, ಗೇರ್ ಬಾಕ್ಸನ್ನು ಒಂದನೇ ಗೇರಿಗೆ ಹಾಕಿ, ಇಂಜಿನ್ ಆಫ್ ಇರುವಾಗ ಟ್ರಾನ್ಸ್‌ಫರ್ ಕೇಸಿನ ಹಿಂದಿನ ದುಂಡು ಮುಚ್ಚಳ ಬಿಚ್ಚಿಸಿ. ಅಲ್ಲಿ ಕಾಣುವ ಗೇರು ಗೇರ್ ಬಾಕ್ಸಿನ ಶಾಫ್ಟಿನ ಮೇಲೇ ಕೂತದ್ದು. ಕೈಯಿಂದ ಸಲೀಸಾಗಿ ಸುತ್ತಿದರೆ ತೊಂದರೆ ಅದರಿಂದ ಮುಂದೆ, ಕ್ಲಚ್ ಅಥವಾ ಗೇರ್ ಬಾಕ್ಸಿನಲ್ಲಿ. ಆಗ ಇಳಿಸಲಿ, ಬೇಡ ಅನ್ನುವುದಿಲ್ಲ. ಆದರೆ ಸವೆದ ಕ್ಲಚ್ ದಿಢೀರನೆ ಕೈಕೊಡುವುದು ಅಪರೂಪ. ವಾರಗಟ್ಟಲೆ ಏರಿನಲ್ಲಿ ಇಂಜಿನ್ ಕೂಗುತ್ತೆ, ಗಾಡಿ ಏರಲ್ಲ, ಸುಟ್ಟ ವಾಸನೆ ಬರುತ್ತೆ. ನೀವು ಇದ್ಯಾವುದನ್ನೂ ಬರೆದಿಲ್ಲ, ಬರೆದಿರುವುದು 'ಟಕ್' ಅನ್ನುವ ಒಂದು ಸದ್ದು.

ಕೀ ಹೋಗಿದ್ದರೆ ಬರೀ ಕೀ ಬದಲಿಸಿ ಕೈ ತೊಳೆದುಕೊಳ್ಳಬೇಡಿ. ನಟ್ಟು ಸಡಿಲವಾಗಿದ್ದರಿಂದಲೇ ಹೊರೆಯೆಲ್ಲ ಕೀ ಮೇಲೆ ಬಿದ್ದಿರುತ್ತೆ. ನಿಜವಾಗಿ ಹೊರೆ ಹೊರಬೇಕಾದ್ದು ಟೇಪರಿನ ಬಿಗಿತ. ಹಬ್ ಕೀಳಲು ಪುಲ್ಲರ್ ಬೇಕು, ಆಕ್ಸಲ್ ತುದಿಗೆ ಸುತ್ತಿಗೆಯಲ್ಲಿ ಬಡಿಯಲು ಬಿಡಬೇಡಿ, ಒಳಗಿನ ಬೇರಿಂಗ್ ಕೆಡುತ್ತೆ. ಪುಲ್ಲರ್ ಹಾಕುವಾಗ ನಟ್ಟನ್ನು ಸಡಿಲಿಸಿ ಅಲ್ಲೇ ಬಿಟ್ಟಿರಲಿ, ಇಲ್ಲದಿದ್ದರೆ ಹಬ್ ಸಿಡಿದು ಮೈಮೇಲೆ ಬಂದೀತು. ಟೇಪರ್ ಒರೆಸಿ ಒಣಗಿಸಿ ಕೂರಿಸಬೇಕು. ಕೀ ಕೂರುವ ಕಚ್ಚು ಅಗಲವಾಗಿದ್ದರೆ ಹಬ್ಬೋ ಆಕ್ಸಲ್ಲೋ ಬದಲಿಸಲೇಬೇಕು. ನಟ್ಟಿಗೆ 200 ನ್ಯೂಟನ್ ಮೀಟರಿಗೆ ಕಡಿಮೆ ಇಲ್ಲದ ಬಿಗಿ ಬೇಕು. ಸ್ಪ್ಲಿಟ್ ಪಿನ್ನಿನ ತೂತು ಕೂಡದಿದ್ದರೆ ಇನ್ನಷ್ಟು ಬಿಗಿ ಮಾಡಿ ಕೂಡಿಸಿ, ಹಿಂದಕ್ಕೆ ತಿರುಗಿಸಿ ಕೂಡಿಸಬೇಡಿ. ಒಂದೆರಡು ದಿನ ಓಡಿಸಿ ಮತ್ತೆ ನೋಡಿ.

ಗಾಡಿ ಇನ್ನೂ ತೋಟದಲ್ಲೇ ಇದ್ದು, ಹೋಗಿರುವುದು ಕೀ ಅಂತ ಖಾತ್ರಿಯಾದರೆ, ಹೊರೆ ಇಳಿಸಿ, ಫೋರ್ ವೀಲ್ ಹಾಕಿ ಮುಂದಿನ ಚಕ್ರದ ಬಲದಲ್ಲಿ ನಡಿಗೆಯ ವೇಗದಲ್ಲಿ ಸ್ವಲ್ಪ ದೂರ ತರಬಹುದು. ಆಕ್ಸಲ್ ತುಂಡಾಗಿರುವ ಅನುಮಾನ ಇದ್ದರೆ ಆ ಸಾಹಸ ಬೇಡ, ಚಕ್ರವೇ ಕಳಚಿಕೊಂಡು ಹೋಗಬಹುದು.

ತಳ್ಳಿದಾಗ ಶಾಫ್ಟ್ ತಿರುಗಿತೋ ಇಲ್ಲವೋ, ಇಲ್ಲೇ ಕೆಳಗೆ ಬರೆಯಿರಿ. ಅಲ್ಲಿಯವರೆಗೆ ಗ್ಯಾರೇಜಿನವರಿಗೆ ನಾಳೆ ಬರ್ತೀನಿ ಅಂತ ಹೇಳಿ.